ಬಂಗಲೆ ಚೆನ್ನಾಗಿದೆ, ಹುಡುಗಿ ಎಲ್ಲಿ?

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಯ ಮದುವೆ ಫೋಟೊಗಳು ಈಗೀಗ ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೂ ಬಂದು ಬೀಳುತ್ತವೆ. ಕಣ್ಣು ಹಾಯುವಷ್ಟು ದೂರ ಒಪ್ಪವಾಗಿ ಕತ್ತರಿಸಿದ ಹುಲ್ಲುಹಾಸು, ಅದರಾಚೆ ಲೆಕ್ಕವಿಲ್ಲದಷ್ಟು ಕಿಟಕಿಗಳ ಬಂಗಲೆ, ಅದರ ಮೇಲೆ ಮೋಡ ಕವಿದ ಆಕಾಶ. ಇವೆಲ್ಲದರ ನಡುವೆ ಎಲ್ಲೋ ಒಂದು ಕೆಂಪು ಚುಕ್ಕೆ. ಅದು ಮದುಮಗಳ ಸೀರೆ. ಅಜ್ಜಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳುತ್ತಾರೆ: ‘ಮನೆಯೇನೋ ಚೆನ್ನಾಗಿದೆ ಕಣೋ, ಹುಡುಗಿ ಎಲ್ಲಿ?’

ಫೋಟೊಗ್ರಫಿ ಕಲಿಸುವ ಮೇಷ್ಟರೂ ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಲಾರರು. ಕಂಟ್ರಿ ಹೌಸ್ ಅನ್ನುವ ಈ ಹಳ್ಳಿಗಾಡಿನ ಬಂಗಲೆಗಳನ್ನು ಕಟ್ಟಿಸಿದ್ದೇ ಎದುರಿಗೆ ನಿಂತವರು ಚಿಕ್ಕವರಾಗಿ ಕಾಣಲಿ ಎಂದು. ಸಾರೋಟಿನಲ್ಲಿ ಬರುವ ಅತಿಥಿಗೆ ಅರ್ಧ ಮೈಲಿಯಿಂದಲೇ ಯಜಮಾನನ ಆಸ್ತಿ, ಅಧಿಕಾರ, ಅಭಿರುಚಿ ಮೂರೂ ಒಟ್ಟಿಗೆ ಕಾಣಬೇಕು ಅನ್ನುವುದು ಆ ವಾಸ್ತುಶಿಲ್ಪದ ಲೆಕ್ಕಾಚಾರ. ಅಂಥ ಕಟ್ಟಡದ ಮುಂದೆ ಐದಡಿ ಚಿಲ್ಲರೆ ಎತ್ತರದ ಹುಡುಗಿಯನ್ನು ನಿಲ್ಲಿಸಿ, ಆ ದಿನಕ್ಕೆ ಅವಳೇ ಯಜಮಾನಿ ಅನ್ನಿಸುವಂತೆ ಚಿತ್ರ ತೆಗೆಯಬೇಕು. ದೊಡ್ಡ ಬಾಡಿಗೆ ತೆತ್ತವರಿಗೆ ಬಂಗಲೆ ಪೂರ್ತಿ ಕಾಣಬೇಕು. ಮೂವತ್ತು ವರ್ಷ ಕಳೆದ ಮೇಲೆ ಆಲ್ಬಂ ತೆರೆದಾಗ ಅವರೇ ಹುಡುಕುವುದು ತೀರಿಕೊಂಡ ಅಪ್ಪನ ಮುಖವನ್ನು, ಸೋದರತ್ತೆಯ ನಗುವನ್ನು. ಈ ಎರಡು ಬೇಡಿಕೆಗಳ ನಡುವೆ ಎಳೆದಾಡುವುದೇ ಅಲ್ಲಿನ ಫೋಟೊಗ್ರಾಫರನ ಕಸುಬು.

ಇಂಥ ಬಂಗಲೆಗಳಲ್ಲಿ ಯಾರು ಬೇಕಾದರೂ ಮದುವೆ ಮಾಡಿಕೊಳ್ಳುವುದು ತಲೆತಲಾಂತರದ ಪದ್ಧತಿ ಎಂಬಂತೆ ಸಿನಿಮಾ, ಸೀರಿಯಲ್ಲುಗಳು ನಂಬಿಸಿಬಿಟ್ಟಿವೆ. ಅದಕ್ಕೆ ಆಗಿರುವ ವಯಸ್ಸು ಮೂವತ್ತು ಚಿಲ್ಲರೆ ವರ್ಷ ಅಷ್ಟೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದಕ್ಕೂ ಮುಂಚೆ ಮದುವೆ ಕಾನೂನಿನ ಪ್ರಕಾರ ಊರ್ಜಿತವಾಗಬೇಕಾದರೆ ಸಾಮಾನ್ಯವಾಗಿ ಚರ್ಚಿಗೋ ನೋಂದಾಯಿತ ಪ್ರಾರ್ಥನಾ ಮಂದಿರಕ್ಕೋ ಹೋಗಬೇಕಿತ್ತು. ಅದು ಬೇಡವೆಂದವರಿಗೆ ರಿಜಿಸ್ಟ್ರಾರ್ ಕಚೇರಿ. ಸಂಸದ ಗೈಲ್ಸ್ ಬ್ರ್ಯಾಂಡ್ರೆತ್ ಮಂಡಿಸಿದ ಖಾಸಗಿ ಮಸೂದೆ 1994ರಲ್ಲಿ ಕಾಯ್ದೆಯಾಯಿತು. 1995ರ ಏಪ್ರಿಲ್ 1ರಿಂದ, ಸ್ಥಳೀಯ ಆಡಳಿತದ ಪರವಾನಗಿ ಪಡೆದ ಹೋಟೆಲು, ಬಂಗಲೆ, ಕೋಟೆಗಳಿಗೂ ರಿಜಿಸ್ಟ್ರಾರ್ ಬಂದು ಮದುವೆ ಮಾಡಿಸುವ ಹಾಗಾಯಿತು.

ಬಂಗಲೆಗಳಿಗೆ ಅದು ಒಳ್ಳೆಯ ಹೊತ್ತಿನಲ್ಲೇ ಸಿಕ್ಕ ಊರುಗೋಲು. 1894ರಲ್ಲಿ ಉತ್ತರಾಧಿಕಾರ ತೆರಿಗೆ ಶುರುವಾದಾಗ ಅದರ ಗರಿಷ್ಠ ದರ ಶೇ 8. ಎರಡನೇ ಮಹಾಯುದ್ಧದ ನಂತರ ಅದು ಶೇ 80ಕ್ಕೆ ಏರಿತು. ಯಜಮಾನ ಕಣ್ಣು ಮುಚ್ಚಿದರೆ ಮಗ ತೆರಿಗೆ ಕಟ್ಟಲು ಜಮೀನು ಮಾರಬೇಕು. ಜಮೀನು ಹೋದರೆ ಆದಾಯವಿಲ್ಲ, ಆದಾಯವಿಲ್ಲದಿದ್ದರೆ ಸೋರುವ ಸೂರಿಗೆ ಸೀಸದ ತಗಡು ಹೊದಿಸುವವರು ಯಾರು? ನೂರಾರು ಬಂಗಲೆಗಳನ್ನು ಮಾಲೀಕರೇ ಕೆಡವಿಸಿದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1974ರಲ್ಲಿ ಈ ವಿನಾಶದ ಬಗ್ಗೆಯೇ ಒಂದು ಪ್ರದರ್ಶನ ಏರ್ಪಡಿಸಿತ್ತು. ಉಳಿದುಕೊಂಡವುಗಳಲ್ಲಿ ಕೆಲವು ಟಿಕೆಟ್ ಇಟ್ಟವು, ಕೆಲವು ಹೋಟೆಲಾದವು, ಮತ್ತೆ ಕೆಲವು ಶೂಟಿಂಗಿಗೆ ಬಾಗಿಲು ತೆರೆದವು. ಮದುವೆಯ ವರಮಾನ ಬಂದು ಸೇರಿದ್ದು ಇವುಗಳ ಜೊತೆಗೆ. ಇವತ್ತು ಮದುಮಗಳು ಒರಗಿ ನಿಲ್ಲುವ ಕಂಬದ ಗಾರೆ ಹಿಂದಿನ ವರ್ಷದ ಮದುವೆಯ ಬಾಡಿಗೆಯಿಂದ ರಿಪೇರಿಯಾದದ್ದಿರಬಹುದು.

ಒಂದು ಜಾಗವನ್ನೇ ಹಿಡಿದು ನೋಡೋಣ. ಲಂಡನ್ನಿನ ಪಶ್ಚಿಮಕ್ಕೆ, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ, ಥೇಮ್ಸ್ ನದಿಯ ಮೇಲಿನ ದಿಬ್ಬದಲ್ಲಿ ಕ್ಲಿವ್‌ಡನ್ ಅನ್ನುವ ಬಂಗಲೆ ಇದೆ. ಬಕಿಂಗ್‌ಹ್ಯಾಮ್‌ನ ಡ್ಯೂಕ್ 17ನೇ ಶತಮಾನದಲ್ಲಿ ಕಟ್ಟಿಸಿದ ಮೊದಲ ಮನೆ 1795ರಲ್ಲಿ ಸುಟ್ಟಿತು. ಮತ್ತೆ ಕಟ್ಟಿದ್ದು 1849ರಲ್ಲಿ ಸುಟ್ಟಿತು. ಈಗ ನಿಂತಿರುವುದು ಅದಾದ ಒಂದೆರಡು ವರ್ಷದಲ್ಲೇ ಚಾರ್ಲ್ಸ್ ಬ್ಯಾರಿ ಕಟ್ಟಿದ್ದು. ಲಂಡನ್ನಿನ ಸಂಸತ್ ಭವನದ ವಾಸ್ತುಶಿಲ್ಪಿಯೂ ಆತನೇ. ‘ಡೌನ್‌ಟನ್ ಅಬೆ’ ಧಾರಾವಾಹಿಯಲ್ಲಿ ಕಾಣುವ ಹೈಕ್ಲಿಯರ್ ಕೋಟೆಗೆ ಈಗಿನ ರೂಪ ಕೊಟ್ಟವನೂ ಆತನೇ. ಅಮೆರಿಕದ ಸಿರಿವಂತ ಆ್ಯಸ್ಟರ್ 1893ರಲ್ಲಿ ಕ್ಲಿವ್‌ಡನ್ನನ್ನು ಕೊಂಡ; 1942ರಲ್ಲಿ ಅದು ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಪಾಲಾಯಿತು; 1980ರ ದಶಕದಿಂದ ಐಷಾರಾಮಿ ಹೋಟೆಲು. ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಮಿಲನ್ ಸರ್ಕಾರವನ್ನು ಅಲುಗಾಡಿಸಿದ, ಸಚಿವ ಪ್ರೊಫ್ಯೂಮೊ ಸಿಲುಕಿದ ಹಗರಣ ಚಿಗುರಿದ್ದು 1961ರ ಬೇಸಿಗೆಯಲ್ಲಿ ಇದೇ ಬಂಗಲೆಯ ಈಜುಕೊಳದ ಬಳಿ. 2018ರಲ್ಲಿ ರಾಜಕುಮಾರ ಹ್ಯಾರಿಯನ್ನು ಮದುವೆಯಾಗುವ ಹಿಂದಿನ ರಾತ್ರಿ ಮೇಗನ್ ಮಾರ್ಕಲ್ ತಂಗಿದ್ದೂ ಇಲ್ಲೇ. ಇಷ್ಟು ಕಥೆಯಿರುವ ಜಾಗದಲ್ಲಿ ಮದುವೆಯಾಗುವವರಿಗೆ ಆ ಕಥೆಯೂ ಫೋಟೊದಲ್ಲಿ ಬರಬೇಕು ಅನ್ನಿಸಿದರೆ ತಪ್ಪೇನಿಲ್ಲ. ಅದನ್ನು ತರುವುದು ಹೇಗೆ ಅನ್ನುವುದೇ ತೊಡಕು.

ಫೋಟೊಗ್ರಾಫರನ ಕಣ್ಣಿನಿಂದ ಕ್ಲಿವ್‌ಡನ್ನಿನ ನಕ್ಷೆಯೇ ಬೇರೆ. ಉತ್ತರಕ್ಕೆ ಮುಂಬಾಗಿಲು. ಅಲ್ಲಿಗೆ ಬರುವ ದಾರಿಯಲ್ಲಿ 1890ರ ದಶಕದ ಅಮೃತಶಿಲೆಯ ಕಾರಂಜಿ. ದಕ್ಷಿಣಕ್ಕೆ ಎತ್ತರದ ಜಗಲಿ. ಅದರ ಕೆಳಗೆ ನದಿಯತ್ತ ಚಾಚಿಕೊಂಡ ಪಾರ್ಟೇರ್, ಅಂದರೆ ಗಿಡಗಳನ್ನು ರಂಗೋಲಿಯಂತೆ ಕತ್ತರಿಸಿ ಬೆಳೆಸಿದ ತೋಟ. ಆ ತೋಟದ ತುದಿಗೆ ನಿಂತು ಬಂಗಲೆಯತ್ತ ತಿರುಗಿದರೆ ಎಲ್ಲರೂ ಬಯಸುವ ಆ ಪೋಸ್ಟ್‌ಕಾರ್ಡ್ ಚಿತ್ರ ಸಿಗುತ್ತದೆ. ಹಾಗೆ ನಿಂತವನ ಬೆನ್ನಿಗೆ ದಕ್ಷಿಣದ ಸೂರ್ಯ. ಬಂಗಲೆ ಥಳಥಳ ಹೊಳೆಯುತ್ತದೆ, ಗಂಡು ಹೆಣ್ಣು ಇಬ್ಬರೂ ಕಣ್ಣು ಕಿವುಚಿಕೊಂಡು ನಿಲ್ಲುತ್ತಾರೆ. ತೋಟ ನೋಡಲು ಬರುವ ನ್ಯಾಷನಲ್ ಟ್ರಸ್ಟ್‌ನ ಸಂದರ್ಶಕರು ಬೇರೆ ಹಿನ್ನೆಲೆಯಲ್ಲಿ ಐಸ್‌ಕ್ರೀಂ ಹಿಡಿದು ಓಡಾಡುತ್ತಿರುತ್ತಾರೆ. ನುರಿತವರು ಮಾಡುವುದು ಇಷ್ಟೆ: ಉದ್ದನೆಯ ಲೆನ್ಸ್ ಹಾಕಿಕೊಂಡು ದೂರ ಸರಿದು, ದಂಪತಿಯನ್ನು ತಮ್ಮ ಹತ್ತಿರ ಕರೆಸಿಕೊಳ್ಳುತ್ತಾರೆ. ಕಟ್ಟಡ ಹಿಂದೆ ಇನ್ನೂರು ಮೀಟರ್ ದೂರದಲ್ಲಿ ಮಸುಕಾಗಿ ಉಳಿಯುತ್ತದೆ. ಬಂಗಲೆ ಅಂತ ಗೊತ್ತಾದರೆ ಸಾಕು, ಅದರ ಕಿಟಕಿ ಎಣಿಸಲು ಬರಬೇಕಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಡೀ ಕಟ್ಟಡ ಕಾಣುವ ಚಿತ್ರ ಆಲ್ಬಮ್ಮಿಗೆ ಒಂದು ಸಾಕು. ಎರಡನೆಯದರಿಂದ ಅದು ಹೋಟೆಲಿನ ಜಾಹೀರಾತು.

ಬೆಳಕಿನ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಅಜಗಜಾಂತರ. ಬೆಂಗಳೂರಿನಲ್ಲಿ ವರ್ಷದ ಯಾವ ದಿನವಾದರೂ ಸೂರ್ಯ ಮುಳುಗುವುದು ಸುಮಾರು ಐದೂ ಐವತ್ತಕ್ಕೂ ಆರೂ ಐವತ್ತಕ್ಕೂ ನಡುವೆ. ನಮ್ಮ ಫೋಟೊಗ್ರಾಫರ್‌ಗೆ ಗಡಿಯಾರ ನೋಡದೆಯೇ ಆ ಹೊತ್ತು ಗೊತ್ತು. ಲಂಡನ್ನಿನ ಸುತ್ತಮುತ್ತ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಇಪ್ಪತ್ತರ ಸುಮಾರಿಗೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕು ಹೊಡೆಯುವ ಹೊತ್ತಿಗೇ ಸೂರ್ಯಾಸ್ತ. ಡಿಸೆಂಬರಿನ ಅತಿ ಚಿಕ್ಕ ಹಗಲಿನ ದಿನ ಅಲ್ಲಿನ ಸೂರ್ಯ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು ಹದಿನೈದು ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ಐವತ್ತಮೂರು ಡಿಗ್ರಿ ದಾಟಿರುತ್ತದೆ. ಇದರಿಂದ ಲಾಭವೂ ಇದೆ. ಸಮಭಾಜಕಕ್ಕೆ ಹತ್ತಿರದ ನಮ್ಮಲ್ಲಿ ಸೂರ್ಯ ನೆಟ್ಟಗೆ ಇಳಿದು ಮುಳುಗುತ್ತಾನೆ, ಹೊನ್ನಿನ ಬೆಳಕು ಬಂದಷ್ಟೇ ಬೇಗ ಹೋಗುತ್ತದೆ. ಅಲ್ಲಿ ಓರೆಯಾಗಿ ಜಾರುತ್ತಾನೆ. ಜೂನ್ ಸಂಜೆಯ ಆ ಬೆಳಕು ಬಹಳ ಹೊತ್ತು ನಿಲ್ಲುತ್ತದೆ, ಮುಳುಗಿದ ಮೇಲೂ ಆಕಾಶ ಮತ್ತೊಂದಷ್ಟು ಹೊತ್ತು ನೀಲಿಯಾಗಿಯೇ ಇರುತ್ತದೆ. ಚಳಿಗಾಲದ ಮದುವೆ ಇಟ್ಟುಕೊಂಡವರು ಮಾತ್ರ ಹೊರಗಿನ ಚಿತ್ರಗಳನ್ನು ಊಟಕ್ಕೆ ಮುಂಚೆಯೇ ಮುಗಿಸಬೇಕು.

ಮೋಡ ಕವಿದರೆ ಮದುವೆ ಮನೆಯವರ ಮುಖ ಸಪ್ಪಗಾಗುತ್ತದೆ, ಫೋಟೊಗ್ರಾಫರ್ ಒಳಗೊಳಗೇ ಖುಷಿಪಡುತ್ತಾನೆ. ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ಕಣ್ಣಿನ ಕೆಳಗೆ ಕಪ್ಪು ನೆರಳಿಲ್ಲ, ರೇಷ್ಮೆಯ ಜರಿ ಕಣ್ಣಿಗೆ ಕುಕ್ಕುವುದಿಲ್ಲ, ಬಿಳಿ ಬಟ್ಟೆಯ ನೆರಿಗೆಗಳು ಅಳಿಸಿಹೋಗುವುದಿಲ್ಲ. ಬಿಸಿಲು ಬಿದ್ದರೆ ಮತ್ತೊಂದು ತಾಪತ್ರಯ. ಅಷ್ಟು ಚಂದದ ಹಸಿರು ಹುಲ್ಲುಹಾಸು ಬಿಸಿಲನ್ನು ಮೇಲಕ್ಕೆ ಎಸೆಯುತ್ತದೆ. ಗಲ್ಲದ ಕೆಳಗೆ, ಪಂಚೆಯ ಮಡಿಕೆಯಲ್ಲಿ, ಬಿಳಿ ಗೌನಿನ ಅಂಚಿನಲ್ಲಿ ಹಸಿರು ಛಾಯೆ ಕೂತುಬಿಡುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ನಮ್ಮ ಮಿದುಳು ಅದನ್ನು ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಉಪಕಾರ ಗೊತ್ತಿಲ್ಲ. ಅದಕ್ಕೇ ಅನುಭವಸ್ಥರು ದಂಪತಿಯನ್ನು ಹುಲ್ಲಿನ ಮೇಲಿಂದ ಜಲ್ಲಿ ಹಾಸಿದ ದಾರಿಗೋ ಕಲ್ಲಿನ ಮೆಟ್ಟಿಲಿಗೋ ಸರಿಸುವುದು. ಮಳೆ ಬಂದರೆ ಕೊಡೆ ಬೇಕು, ಅದು ಬಿಳಿಯದೋ ಪಾರದರ್ಶಕವೋ ಆಗಿರಬೇಕು. ಕೆಂಪು ಕೊಡೆ ಹಿಡಿದರೆ ಮುಖವೂ ಕೆಂಪು. ಆ ದೇಶದಲ್ಲಿ ಮಳೆಗೆ ಮುಂಚೆಯೇ ಎರಡನೇ ಯೋಜನೆ ಇಟ್ಟುಕೊಳ್ಳದ ಫೋಟೊಗ್ರಾಫರನನ್ನು ನಂಬಬಾರದು.

ಬಂಗಲೆಯ ಒಳಗೆ ಹೋದರೆ ಕಷ್ಟ ಇಮ್ಮಡಿ. ಕ್ಲಿವ್‌ಡನ್ನಿನ ದೊಡ್ಡ ಹಜಾರದ ಗೋಡೆಗಳಿಗೆ ಹೊದಿಸಿರುವುದು ಕಪ್ಪುಗಂದು ಬಣ್ಣದ ಓಕ್ ಮರ. ನಮ್ಮ ಛತ್ರಗಳಲ್ಲಿ ಸುಣ್ಣ ಬಳಿದ ಗೋಡೆ, ತಗ್ಗಿನ ಬಿಳಿ ಚಾವಣಿ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆದರೆ ಬೆಳಕು ಚಾವಣಿಗೆ ಬಡಿದು ಮೆತ್ತಗೆ ಕೆಳಗಿಳಿಯುತ್ತದೆ. ಈ ಉಪಾಯ ಓಕ್ ಹಜಾರದಲ್ಲಿ ನಡೆಯುವುದಿಲ್ಲ. ಮರ ಬೆಳಕನ್ನು ನುಂಗುತ್ತದೆ. ನುಂಗದೆ ಹಿಂದಿರುಗಿಸಿದ ಚೂರುಪಾರಿಗೂ ಕಂದು ಬಣ್ಣ ಮೆತ್ತಿರುತ್ತದೆ. ಚಾವಣಿ ಎತ್ತರವಿದ್ದರೆ ಇನ್ನೂ ಕಷ್ಟ. ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕೆ ಇಳಿಯುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದು ಭೌತವಿಜ್ಞಾನದ ನಿಯಮ. ಹನ್ನೆರಡು ಅಡಿಯ ಚಾವಣಿಗೆ ಸಾಕಾಗುವ ಫ್ಲ್ಯಾಶು ಇಪ್ಪತ್ತನಾಲ್ಕು ಅಡಿಯದರ ಮುಂದೆ ಸೋಲುತ್ತದೆ. ಅದೇ ಬಂಗಲೆಯ ಫ್ರೆಂಚ್ ಊಟದ ಕೋಣೆಯ ಗೋಡೆಗಳಿಗೆ ಪ್ಯಾರಿಸ್ ಬಳಿಯ ಅರಮನೆಯೊಂದರಿಂದ ತಂದ ಚಿನ್ನದ ಕುಸುರಿಯ ಹಲಗೆಗಳಿವೆ. ಇಂಥ ಕೋಣೆಗಳಲ್ಲಿ ಮಿರುಗುವ ಚಿನ್ನ, ಕನ್ನಡಿ, ಬೆಳ್ಳಿಯ ಪಾತ್ರೆ, ಗಾಜು ಎಲ್ಲವೂ ಫ್ಲ್ಯಾಶನ್ನು ಮರಳಿ ಕ್ಯಾಮೆರಾಕ್ಕೇ ಹೊಡೆಯುತ್ತವೆ, ಮೇಜಿನ ಹಿಂದಿನ ಕನ್ನಡಿಯಲ್ಲಿ ಬಗ್ಗಿ ನಿಂತ ಫೋಟೊಗ್ರಾಫರನೇ ಕಾಣುತ್ತಾನೆ.

ಹಾಗಾಗಿ ಒಳಗಿನ ಚಿತ್ರಗಳ ಗುಟ್ಟು ಕಿಟಕಿ. ವಿದ್ಯುತ್ ಇಲ್ಲದ ಕಾಲದಲ್ಲಿ ಕಟ್ಟಿದ ಮನೆಗಳಾದ್ದರಿಂದ ಕಿಟಕಿಗಳು ಆಳೆತ್ತರ ಮೀರಿದವು, ಆ ಬೆಳಕಿನಲ್ಲಿ ಓದಬೇಕು, ಕಸೂತಿ ಹಾಕಬೇಕು ಎಂದೇ ಇಟ್ಟವು. ಮದುಮಗಳು ಸಿಂಗರಿಸಿಕೊಳ್ಳುವ ಕೋಣೆಗೆ ಬಂದ ನುರಿತ ಫೋಟೊಗ್ರಾಫರ್ ಮೊದಲು ಮಾಡುವ ಕೆಲಸ ದೀಪಗಳನ್ನೆಲ್ಲ ಆರಿಸುವುದು. ಎಲ್ಲರೂ ಇವನಿಗೇನಾಗಿದೆ ಅಂತ ನೋಡುತ್ತಾರೆ. ಕಾರಣ ಇದೆ. ತೂಗುದೀಪದ ಬೆಳಕು ಹಳದಿ, ಕಿಟಕಿಯ ಬೆಳಕು ನೀಲಿ ಕಡೆಗೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಅರಿಸಿನ ಬಳಿದಂತೆ, ಇನ್ನೊಂದು ಚಳಿ ಹಿಡಿದಂತೆ. ಆಮೇಲೆ ಕಂಪ್ಯೂಟರಿನ ಮುಂದೆ ಎಷ್ಟು ತಿಣುಕಿದರೂ ಎರಡೂ ಕೆನ್ನೆ ಒಂದೇ ಹುಡುಗಿಯದು ಅನ್ನಿಸುವುದಿಲ್ಲ. ದೀಪ ಆರಿಸಿ, ಅವಳನ್ನು ಕಿಟಕಿಗೆ ಓರೆಯಾಗಿ ಕೂರಿಸಿ, ಕೋಣೆಯ ಕತ್ತಲನ್ನು ಹಿಂದಕ್ಕೆ ಬಿಟ್ಟರೆ, ಜಡೆ ಹೆಣೆಯುವ ಚಿಕ್ಕಮ್ಮನ ಬೆರಳುಗಳೂ ಮೊಗ್ಗಿನ ಒಂದೊಂದು ಎಸಳೂ ಬೇರೆಬೇರೆಯಾಗಿ ಕಾಣುತ್ತವೆ. ಅರಮನೆಯಂಥ ಮನೆ ಇಡೀ ದಿನದಲ್ಲಿ ಫೋಟೊಗ್ರಾಫರ್‌ಗೆ ಮಾಡುವ ದೊಡ್ಡ ಉಪಕಾರ ಇದೊಂದೇ ಅಂತ ನಾನು ಭಾವಿಸುತ್ತೇನೆ.

ಇನ್ನು ಶಾಸ್ತ್ರದ ಹೊತ್ತು. ನಮ್ಮಲ್ಲಿ ಆ ಹೊತ್ತಿಗೆ ಫೋಟೊಗ್ರಾಫರನೇ ದೊರೆ. ತಾಳಿ ಕಟ್ಟುವಾಗ ಅರ್ಧ ಡಜನ್ ಜನ ಕ್ಯಾಮೆರಾ ಹಿಡಿದು ಮಂಟಪದ ಮುಂದೆ ಗೋಡೆಯಂತೆ ನಿಲ್ಲುತ್ತಾರೆ. ಅಕ್ಷತೆ ಹಿಡಿದು ಕೂತ ಬಂಧುಗಳಿಗೆ ಕಾಣುವುದು ಅವರ ಬೆನ್ನು, ಆಮೇಲೆ ಎಲ್‌ಇಡಿ ಪರದೆ. ‘ಸ್ವಾಮಿ, ಇನ್ನೊಂದು ಸಲ ಕೈ ಮೇಲೆತ್ತಿ’ ಅಂತ ಪುರೋಹಿತರಿಗೇ ಅಪ್ಪಣೆಯಾಗುತ್ತದೆ. ಇಂಗ್ಲೆಂಡಿನ ಬಂಗಲೆಯಲ್ಲಿ ಈ ದರ್ಬಾರು ನಡೆಯುವುದಿಲ್ಲ. ಸಿವಿಲ್ ಮದುವೆ ನಡೆಸಿಕೊಡುವ ರಿಜಿಸ್ಟ್ರಾರ್ ಶುರುವಿಗೆ ಮುಂಚೆಯೇ ಫೋಟೊಗ್ರಾಫರನನ್ನು ಕರೆದು ಎಲ್ಲಿ ನಿಲ್ಲಬೇಕು, ಫ್ಲ್ಯಾಶ್ ಬಳಸಬಹುದೇ, ಓಡಾಡಬಹುದೇ ಅಂತ ಹೇಳಿಬಿಡುತ್ತಾರೆ. ಅವರ ಮಾತೇ ಕೊನೆ. ಸಹಿ ಹಾಕುವ ಚಿತ್ರಕ್ಕೂ ಒಂದು ಸ್ವಾರಸ್ಯವಿದೆ. ಅಸಲಿ ದಾಖಲೆಯಲ್ಲಿ ಜನರ ಖಾಸಗಿ ವಿವರಗಳಿರುವುದರಿಂದ ಅದರ ಫೋಟೊ ತೆಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಆಲ್ಬಮ್ಮುಗಳಲ್ಲಿ ನವದಂಪತಿ ಪೆನ್ನು ಹಿಡಿದು ಬಾಗಿರುವುದು ಎಷ್ಟೋ ಸಲ ಖಾಲಿ ಹಾಳೆಯ ಮೇಲೆ. 2021ರ ಮೇ 4ರಿಂದ ಹಳೆಯ ದಪ್ಪ ರಿಜಿಸ್ಟರ್ ಪುಸ್ತಕವೇ ಹೋಗಿ, ಸಹಿ ಮಾಡಿಸಿದ ಹಾಳೆಯ ವಿವರ ಕಂಪ್ಯೂಟರಿಗೆ ಏರುತ್ತಿದೆ. ಮದುವೆ ದಾಖಲೆಯಲ್ಲಿ ಅಪ್ಪಂದಿರ ಜೊತೆಗೆ ಅಮ್ಮಂದಿರ ಹೆಸರಿಗೂ ಜಾಗ ಸಿಕ್ಕಿದ್ದು ಆ ದಿನದಿಂದಲೇ.

ಅದೇ ವರ್ಷದ ಜುಲೈ 1ರಿಂದ ಮತ್ತೊಂದು ಬದಲಾವಣೆ. ಅಲ್ಲಿಯವರೆಗೆ ಪರವಾನಗಿ ಪಡೆದ ಸ್ಥಳದಲ್ಲಿ ಕಾನೂನಿನ ಮದುವೆ ಸೂರಿನ ಕೆಳಗೇ ಆಗಬೇಕಿತ್ತು. ಎಂಥ ತೋಟವಿದ್ದರೂ ‘ಒಪ್ಪಿದ್ದೇನೆ’ ಅನ್ನುವುದಕ್ಕೆ ಒಳಗೆ ಬರಬೇಕು. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಬಯಲಿನಲ್ಲೂ ಆಗಲಿ ಅಂದರು, ಮರುವರ್ಷ ಅದನ್ನೇ ಕಾಯಂ ಮಾಡಿದರು. ಫೋಟೊಗ್ರಾಫರ್‌ಗಳ ಪಾಲಿಗೆ ಕ್ಯಾಮೆರಾ ಕಂಪನಿಗಳ ಹತ್ತು ಹೊಸ ಮಾದರಿಗಳಿಗಿಂತ ಈ ಒಂದು ತಿದ್ದುಪಡಿ ದೊಡ್ಡದು. ಓಕ್ ಕೋಣೆಯಿಂದ ಬಯಲಿಗೆ ಬಂದರೆ ಬೆಳಕು ಹತ್ತಾರು ಪಟ್ಟು ಹೆಚ್ಚು.

ಹಿಂದೂ ಮದುವೆ ಅಂದಾಗ ಲೆಕ್ಕ ಬೇರೆ. ಸಿವಿಲ್ ಮದುವೆಯಲ್ಲಿ ಧಾರ್ಮಿಕ ವಿಧಿ ಸೇರಿಸುವಂತಿಲ್ಲ. ಬಂಗಲೆಯಲ್ಲಿ ನಡೆಯುವ ಧಾರೆ, ಸಪ್ತಪದಿಗೆ ಆ ದೇಶದ ಕಾನೂನಿನಲ್ಲಿ ಮದುವೆಯ ಬೆಲೆಯೂ ಇಲ್ಲ. ಆದ್ದರಿಂದ ಹೆಚ್ಚಿನವರು ನೋಂದಣಿಯನ್ನು ಮೊದಲೇ ಮುಗಿಸಿಕೊಂಡು, ಶಾಸ್ತ್ರವನ್ನು ಬಂಗಲೆಯಲ್ಲಿ ಇಟ್ಟುಕೊಳ್ಳುತ್ತಾರೆ. 2012ರ ಅಕ್ಟೋಬರ್‌ವರೆಗೆ ಕಾನೂನಿನ ಮದುವೆ ಬೆಳಿಗ್ಗೆ ಎಂಟರಿಂದ ಸಂಜೆ ಆರರೊಳಗೇ ನಡೆಯಬೇಕಿತ್ತು. ಬ್ರಾಹ್ಮೀ ಮುಹೂರ್ತಕ್ಕೂ ಬೇಸಿಗೆಯ ಗೋಧೂಳಿ ಲಗ್ನಕ್ಕೂ ಅಲ್ಲಿ ಜಾಗವಿರಲಿಲ್ಲ. ಈಗ ಆ ನಿರ್ಬಂಧವಿಲ್ಲ. ಆದರೂ ಡಿಸೆಂಬರಿನಲ್ಲಿ ಏಳು ಗಂಟೆಯ ಮುಹೂರ್ತ ಇಟ್ಟರೆ ಹೊರಗೆ ಗಾಢ ಕತ್ತಲು. ಸೂರ್ಯ ಕಾಣುವುದು ಎಂಟರ ಸುಮಾರಿಗೆ.

ಹೋಮದ ಬೆಂಕಿಯ ಹೆಸರು ಕೇಳಿದರೆ ಬಂಗಲೆಯ ಮ್ಯಾನೇಜರ್ ಬೆವರುತ್ತಾನೆ. ಕ್ಲಿವ್‌ಡನ್ನಿನಂಥ ಮನೆ ಎರಡು ಸಲ ಸುಟ್ಟದ್ದನ್ನು ಆಗಲೇ ಹೇಳಿದೆ. ಮೇಲಾಗಿ ಅದು ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡ. ಇಂಥ ಕಡೆ ಬೆಂಕಿಗೆ ಸಾಮಾನ್ಯವಾಗಿ ಹೊರಗಿನ ಶಾಮಿಯಾನದಲ್ಲೋ ಹೊಗೆ ಹೋಗಲು ದಾರಿಯಿರುವ ಕಡೆಯೋ ಅಪ್ಪಣೆ, ಅದೂ ಪುಟ್ಟ ಹೋಮಕುಂಡ, ಪಕ್ಕದಲ್ಲಿ ಅಗ್ನಿಶಾಮಕ ಹಿಡಿದ ಒಬ್ಬ ಸಿಬ್ಬಂದಿ. ಆ ಸಿಬ್ಬಂದಿಯನ್ನು ಚೌಕಟ್ಟಿನಿಂದ ಹೊರಗಿಡುವುದು ಫೋಟೊಗ್ರಾಫರನ ಪಾಡು. ಬಿಳಿ ಶಾಮಿಯಾನ ಸಿಕ್ಕರೆ ಅದೃಷ್ಟ, ಬಟ್ಟೆಯ ಮೂಲಕ ಸೋಸಿ ಬರುವ ಬೆಳಕಿಗೆ ಸಾಟಿಯಿಲ್ಲ.

ಬಂಗಲೆಯವರು ಶಿಫಾರಸು ಮಾಡುವ ಇಂಗ್ಲಿಷ್ ಫೋಟೊಗ್ರಾಫರ್‌ಗೆ ಬೆಳಕಿನ ಬಗ್ಗೆ ಎಲ್ಲವೂ ಗೊತ್ತಿರುತ್ತದೆ, ನಮ್ಮ ಶಾಸ್ತ್ರದ ಬಗ್ಗೆ ಏನೂ ಗೊತ್ತಿರುವುದಿಲ್ಲ. ಅಂತರಪಟ ಸರಿಯುವ ಆ ಒಂದು ಗಳಿಗೆಯನ್ನು ನೋಡಿ. ಪುರೋಹಿತರು ಮಂತ್ರ ಹೇಳುತ್ತಿರುತ್ತಾರೆ, ಇಬ್ಬರು ಸೋದರಮಾವಂದಿರು ಪಂಚೆ ಹಿಡಿದು ನಿಂತಿರುತ್ತಾರೆ, ಆಚೀಚೆ ಜೀರಿಗೆ ಬೆಲ್ಲ ಹಿಡಿದ ಗಂಡು ಹೆಣ್ಣು. ಪಟ ಸರಿದ ಮರುಕ್ಷಣ ಇಬ್ಬರ ಮುಖದಲ್ಲೂ ಬರುವ ನಗು ಎರಡು ಸೆಕೆಂಡು ಇರುತ್ತದೆ. ಎದುರುಬದುರಾಗಿ ನಿಂತವರಾದ್ದರಿಂದ ಒಬ್ಬನೇ ಫೋಟೊಗ್ರಾಫರ್‌ಗೆ ಎರಡೂ ಮುಖ ನೇರವಾಗಿ ಸಿಗುವುದಿಲ್ಲ. ಇಬ್ಬರು ಬೇಕು, ಇಬ್ಬರೂ ಪಟ ಸರಿಯುವ ಮೊದಲೇ ತಮ್ಮ ತಮ್ಮ ಮೂಲೆಯಲ್ಲಿರಬೇಕು. ನಮ್ಮ ಊರಿನ ಫೋಟೊಗ್ರಾಫರ್‌ಗೆ ಕಣ್ಣಿಗಿಂತ ಕಿವಿ ಚುರುಕು. ಪುರೋಹಿತರು ‘ಗಟ್ಟಿಮೇಳ’ ಅಂದ ಕೂಡಲೇ ಡೋಲು ಏರುತ್ತದೆ, ಕೈ ತಾನಾಗಿ ಶಟರ್ ಮೇಲೆ ಹೋಗುತ್ತದೆ. ಬಂಗಲೆಯ ಶಾಮಿಯಾನದಲ್ಲಿ ವಾಲಗದವರಿಲ್ಲ, ಯಾರದೋ ಫೋನಿನಲ್ಲಿ ನಾದಸ್ವರ ಬರುತ್ತಿರುತ್ತದೆ. ಆ ಸುಳಿವು ಸಿಗದ ಫೋಟೊಗ್ರಾಫರ್ ತಾಳಿಯ ಗಂಟು ಬೀಳುವ ಹೊತ್ತಿಗೆ ಕಾರಂಜಿಯ ಕಡೆ ಲೆನ್ಸ್ ತಿರುಗಿಸಿರುತ್ತಾನೆ. ಇದಕ್ಕೆ ಮದ್ದು ಸರಳ. ಶಾಸ್ತ್ರ ಬಲ್ಲ ಒಬ್ಬ ಅತ್ತಿಗೆಯನ್ನೋ ಚಿಕ್ಕಪ್ಪನನ್ನೋ ಅವನ ಪಕ್ಕ ನಿಲ್ಲಿಸಬೇಕು. ಒಂದು ನಿಮಿಷ ಮುಂಚೆ ಅವರು ಭುಜ ತಟ್ಟಬೇಕು. ಮಂಟಪದ ಬಳಿ ಬೂಟು ಬಿಚ್ಚಬೇಕು ಅನ್ನುವುದನ್ನೂ ಅವರೇ ಹೇಳಲಿ.

ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರಕ್ಕೆ ಮಾತ್ರ ಇಂಗ್ಲೆಂಡ್ ನಮಗಿಂತ ಒಳ್ಳೆಯ ಜಾಗ. ನಮ್ಮಲ್ಲಿ ವರ್ಷದ ಹಲವು ತಿಂಗಳು ಸಂಜೆ ಹೊತ್ತಿಗೆ ಅರುಂಧತಿಯಿರುವ ಸಪ್ತರ್ಷಿ ಮಂಡಲ ದಿಗಂತದ ಕೆಳಗಿರುತ್ತದೆ. ಇಂಗ್ಲೆಂಡಿನ ಅಕ್ಷಾಂಶದಲ್ಲಿ ಅದು ಮುಳುಗುವುದೇ ಇಲ್ಲ. ಮೋಡ ಬಿಟ್ಟುಕೊಡಬೇಕು, ಜೂನ್ ಆದರೆ ಕತ್ತಲಾಗುವವರೆಗೆ ಎಚ್ಚರವಿರಬೇಕು, ಅಷ್ಟೆ.

ಗುಂಪು ಚಿತ್ರಗಳ ಕಥೆಗೆ ಬರೋಣ. ಇಂಗ್ಲಿಷರ ಮದುವೆಯ ದಿನಚರಿ ಗಡಿಯಾರದ ಪ್ರಕಾರ ಓಡುತ್ತದೆ. ಮಧ್ಯಾಹ್ನ ಒಂದೆರಡು ಗಂಟೆಗೆ ಮದುವೆ, ಆಮೇಲೆ ಒಂದೂವರೆ ಗಂಟೆ ಪಾನೀಯ, ಅನಂತರ ಊಟ, ಭಾಷಣ, ರಾತ್ರಿ ಕುಣಿತ. ಆ ಒಂದೂವರೆ ಗಂಟೆಯೇ ಫೋಟೊಗ್ರಾಫರ್‌ಗೆ ಸಿಗುವ ಬಂಡವಾಳ. ಒಂದು ಗುಂಪನ್ನು ಸೇರಿಸಿ, ನಿಲ್ಲಿಸಿ, ಕಣ್ಣು ಮುಚ್ಚಿದವರನ್ನು ಎಚ್ಚರಿಸಿ ಕ್ಲಿಕ್ಕಿಸಲು ಮೂರು ನಿಮಿಷವಾದರೂ ಬೇಕು. ಎಂಟು ಹತ್ತು ಗುಂಪಿಗೆ ಅರ್ಧ ಗಂಟೆ. ಕನ್ನಡದ ಮನೆಯವರು ಕೊಡುವ ಪಟ್ಟಿ ನಲವತ್ತು ಗುಂಪಿನದು: ಅಪ್ಪನ ಕಡೆಯವರು, ಅಮ್ಮನ ಕಡೆಯವರು, ಬೀಗರು, ಆಫೀಸಿನವರು, ಕನ್ನಡ ಬಳಗದವರು, ಬೀದಿಯ ನೆರೆಯವರು. ಲೆಕ್ಕ ಹಾಕಿದರೆ ಎರಡು ಗಂಟೆ. ದಂಪತಿ ಒಂದೇ ಕಡೆ ನಿಂತು ಜನ ಸಾಲಾಗಿ ಬಂದು ಹೋಗುವ ನಮ್ಮ ಆರತಕ್ಷತೆಯ ವೇದಿಕೆ ಇದಕ್ಕೆ ಕಂಡುಕೊಂಡ ಒಳ್ಳೆಯ ಉಪಾಯ. ಅದನ್ನು ನೋಡಿ ನಗುವವರಿದ್ದಾರೆ, ನನಗೆ ಅದರಲ್ಲಿ ಜಾಣತನ ಕಾಣುತ್ತದೆ. ಬಂಗಲೆಯ ಜಗಲಿಯ ಮೂಲೆಯೊಂದರಲ್ಲಿ ಅದನ್ನೇ ಮಾಡಿದರೆ ಎಲ್ಲರಿಗೂ ನೆಮ್ಮದಿ. ವಯಸ್ಸಾದವರ ಸರದಿ ಮೊದಲು ಬರಲಿ. ಅವರು ಚಳಿಗೆ ನಡುಗುವ ಮುಂಚೆ, ಕುರ್ಚಿ ಹುಡುಕುವ ಮುಂಚೆ ಅವರ ಚಿತ್ರ ಆಗಿಬಿಡಬೇಕು. ಮೆಟ್ಟಿಲ ಮೇಲೆ ಐವತ್ತು ಜನರನ್ನು ನಿಲ್ಲಿಸಿ ತೀರಾ ಅಗಲದ ಲೆನ್ಸಿನಲ್ಲಿ ತೆಗೆದರೆ ಎರಡೂ ತುದಿಯವರ ಮುಖ ಎಳೆದು ಹಿಗ್ಗಿಸಿದ ಹಾಗಾಗುತ್ತದೆ. ಆ ತುದಿಯಲ್ಲಿ ನಿಂತಿರುವುದು ಸಾಮಾನ್ಯವಾಗಿ ಸಂಕೋಚದ ಬಡ ನೆಂಟರು.

ಮಿಕ್ಕ ನಿಯಮಗಳು ಹಲವು, ಓದಿಯೇ ಸುಸ್ತಾಗುವಷ್ಟು. ಫೋಟೊಗ್ರಾಫರ್ ಸಾರ್ವಜನಿಕ ಹೊಣೆಗಾರಿಕೆ ವಿಮೆ ತೋರಿಸಬೇಕು. ಅನುಮತಿಯಿಲ್ಲದೆ ನ್ಯಾಷನಲ್ ಟ್ರಸ್ಟ್ ಜಾಗದ ಮೇಲೆ ಡ್ರೋನ್ ಹಾರಿಸುವಂತಿಲ್ಲ. ದಂಪತಿಯ ಮೇಲೆ ಎರಚುವ ಬಣ್ಣದ ಕಾಗದಕ್ಕೆ ಎಷ್ಟೋ ಕಡೆ ನಿಷೇಧ, ಒಣಗಿದ ಹೂವಿನ ಎಸಳಾದರೆ ಸರಿ. ಅಕ್ಷತೆಯ ಬಗ್ಗೆಯೂ ಮೊದಲೇ ಕೇಳಿಕೊಳ್ಳಿ. ಅರಿಸಿನದ ಕಲೆ ಹಳೆಯ ರತ್ನಗಂಬಳಿಯಿಂದ ಹೋಗುವುದಿಲ್ಲ. ಬಂಗಲೆಯವರು ಕೊಡುವ ‘ನಮ್ಮ ನೆಚ್ಚಿನ ಫೋಟೊಗ್ರಾಫರ್‌ಗಳು’ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ, ಕೆಲವೆಡೆ ಅದರಲ್ಲಿ ಹೆಸರು ಸೇರಿಸಲು ಹಣ ಕೊಡಬೇಕಾಗುತ್ತದೆ. ಆರಿಸುವಾಗ ಇಪ್ಪತ್ತು ಮದುವೆಗಳ ಇಪ್ಪತ್ತು ಒಳ್ಳೆಯ ಚಿತ್ರ ನೋಡಿ ಮರುಳಾಗುವ ಬದಲು ಒಂದೇ ಮದುವೆಯ ಪೂರ್ತಿ ಆಲ್ಬಂ ಕೇಳಿ. ಓಕ್ ಕೋಣೆಯಲ್ಲಿ, ರಾತ್ರಿಯ ಊಟದಲ್ಲಿ, ಮಳೆಯಲ್ಲಿ ಅವನ ಕೈಚಳಕ ಏನಾಗುತ್ತದೆ ಅನ್ನುವುದು ಅದರಲ್ಲಿ ಮಾತ್ರ ಗೊತ್ತಾಗುತ್ತದೆ. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡಿಗೆ ಒಟ್ಟಿಗೇ ಬರೆಯುತ್ತಾನೆಯೇ ಅಂತಲೂ ಕೇಳಿ. ಮದುವೆಗೆ ರೀಟೇಕ್ ಇಲ್ಲ.

ಕೊನೆಗೆ, ಫೋಟೊ ಯಾರದು ಅನ್ನುವ ಪ್ರಶ್ನೆ. ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದೇ ಆಗಿತ್ತು. ನಾವು 1957ರಲ್ಲಿ ನಮ್ಮದೇ ಕಾಯ್ದೆ ಮಾಡಿಕೊಂಡಾಗ ಆ ತತ್ತ್ವವನ್ನು ಉಳಿಸಿಕೊಂಡೆವು. ಬೇರೆ ಒಪ್ಪಂದವಿಲ್ಲದಿದ್ದರೆ ಭಾರತದಲ್ಲಿ ಇವತ್ತಿಗೂ ಅದೇ ನಿಯಮ, 17ನೇ ಕಲಂ. ಬ್ರಿಟನ್ನೇ 1988ರಲ್ಲಿ ಅದನ್ನು ಕೈಬಿಟ್ಟಿತು. 1989ರ ಆಗಸ್ಟಿನಿಂದ ಅಲ್ಲಿ ಹಕ್ಕು ಸಾಮಾನ್ಯವಾಗಿ ಫೋಟೊ ತೆಗೆದವನದು. ತೆಗೆಸಿದವರಿಗೆ ಉಳಿದದ್ದು 85ನೇ ಕಲಮಿನ ಒಂದು ರಕ್ಷಣೆ: ಸ್ವಂತಕ್ಕೆ, ಮನೆಗೆ ಅಂತ ತೆಗೆಸಿದ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಸಾರ್ವಜನಿಕಗೊಳಿಸುವಂತಿಲ್ಲ. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಆ ಒಪ್ಪಿಗೆಯನ್ನೂ ಬರೆಸಿಕೊಳ್ಳುವುದುಂಟು. ಹಾಗಾದರೆ ನಿಮ್ಮ ಮಗಳ ಚಿತ್ರವನ್ನು ಫೋಟೊಗ್ರಾಫರ್ ತನ್ನ ಜಾಹೀರಾತಿಗೆ, ಬಂಗಲೆಯವರು ತಮ್ಮ ಕೈಪಿಡಿಗೆ ಹಾಕಿಕೊಳ್ಳಬಹುದು. ನೀವು ಊರಿನಲ್ಲಿ ಹತ್ತು ಆಲ್ಬಂ ಮಾಡಿಸಬೇಕಾದರೆ ಅವನನ್ನು ಕೇಳಬೇಕಾಗಬಹುದು. ಮುಂಗಡ ಕಳಿಸುವ ಮುಂಚೆ ಆ ಒಪ್ಪಂದವನ್ನು ಪೂರ್ತಿ ಓದಿ. ಚಿತ್ರಗಳನ್ನು ನಿಮಗೆ ಬೇಕಾದಲ್ಲಿ, ಬೇಕಾದಷ್ಟು ಮುದ್ರಿಸಿಕೊಳ್ಳುವ ಅನುಮತಿಯನ್ನು ಅದರಲ್ಲೇ ಬರೆಸಿಕೊಳ್ಳಿ.